ಕ್ಯಾಮೆರಾ ಆಮೇಲೆ, ಮೊದಲು ಫ್ಯಾನು ನೋಡಿ

ಚರ್ಚುಗಳಲ್ಲಿ ಲೈವ್ ಮಾಡುವ ಕೆಲಸಕ್ಕೆ ಈಗ ಇಳಿಯುತ್ತಿರುವವರು ಹಿಂದೂಪುರದ ನನ್ನ ಮನೆ ಹುಡುಕಿಕೊಂಡು ಬಂದರೆ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಕ್ಯಾಮೆರಾ ತಗೊಳ್ಳಬೇಕು ಅಂಕಲ್? ನಾನು ಅವರಿಗೆ ಕಾಫಿ ಕೊಟ್ಟು, ನಿಮ್ಮ ಚರ್ಚಿನಲ್ಲಿ ಫ್ಯಾನು ಎಷ್ಟಿವೆ, ಅದರಲ್ಲಿ ಕಿರುಗುಟ್ಟುವವು ಎಷ್ಟು, ಪಾಸ್ಟರಯ್ಯ ನಿಲ್ಲುವ ಜಾಗದ ನೆತ್ತಿಯ ಮೇಲೆ ಒಂದು ಇದೆಯಾ ಎಂದು ತಿರುಗಿ ಕೇಳುತ್ತೇನೆ. ಮುದುಕನಿಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕೆಟ್ಟಿದ್ದರೂ ಇರಬಹುದು. ಆದರೆ ಮೂವತ್ತು ವರ್ಷಕ್ಕೂ ಮೇಲೆ ಮೈಕು, ವೀಡಿಯೊ, ಲೈವ್ ಎಂದು ಹೊತ್ತು ತಿರುಗಿದವನಿಗೆ ಇದೊಂದು ಚೆನ್ನಾಗಿ ಗೊತ್ತು. ಚಿತ್ರ ಮಸುಕಾಗಿದ್ದರೆ ಜನ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಾರೆ. ಮಾತು ಕೇಳದಿದ್ದರೆ ಫೋನ್ ಮಾಡಿ ಬೈಯುತ್ತಾರೆ.

ನನ್ನ ಹೆಸರು ಗಂಗಾಧರ, ಆದರೆ ಹಾಗೆ ಕರೆದರೆ ನಾನೇ ತಿರುಗಿ ನೋಡುವುದಿಲ್ಲ. ವೈರ್ ಗಂಗಣ್ಣ ಎಂದರೆ ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಗೊತ್ತು. ನಮ್ಮದು ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರದ ಹಳ್ಳಿ, ಹೊಲ ಉಳುವ ಮನೆ, ಮನೆದೇವರು ನರಸಿಂಹಸ್ವಾಮಿ. ಆದರೂ ಕ್ರಿಸ್ತನ ಹಾಡುಗಳು ನನಗೆ ಕೆಲವು ಪಾಸ್ಟರುಗಳಿಗಿಂತ ಚೆನ್ನಾಗಿ ಬಾಯಿಗೆ ಬರುತ್ತವೆ. ಸೌಂಡ್ ಚೆಕ್ಕಿಗೆಂದು ಒಂದೇ ಹಾಡನ್ನು ನೂರು ಸಾರಿ ಕೇಳಿದವನಿಗೆ ಬರದೆ ಏನು.

ನಾನು ಕೆಲಸ ಮಾಡಿದ್ದು ಹಿಂದೂಪುರದ ಹುಣಿಸೆಹಣ್ಣಿನ ಮಂಡಿಗಳ ಬೀದಿಯಲ್ಲಿದ್ದ ಒಂದು ಸೌಂಡ್ ಮತ್ತು ವೀಡಿಯೊ ಅಂಗಡಿಯಲ್ಲಿ. ಓನರ್ ರಾಮಚಂದ್ರಪ್ಪನವರು. ಯಾವ ಸಾಮಾನು ಒಳ್ಳೆಯದು ಎಂದು ತೀರ್ಮಾನಿಸಲು ಅವರ ಹತ್ತಿರ ಒಂದೇ ಅಳತೆ ಇತ್ತು, ತೂಕ. ಭಾರ ಇದ್ದರೆ ಒಳ್ಳೆಯದು, ಹಗುರ ಇದ್ದರೆ ಮೋಸ. ಕ್ಯಾಮೆರಾದ ಚಿತ್ರವನ್ನು ಲ್ಯಾಪ್‌ಟಾಪಿಗೆ ಸೇರಿಸುವ ಕ್ಯಾಪ್ಚರ್ ಕಾರ್ಡ್ ಎಂಬ ಪುಟ್ಟ ಡಬ್ಬಿಯನ್ನು ನಾನು ಮೊದಲ ಸಾರಿ ತರಿಸಿದಾಗ, ಅದನ್ನು ಅಂಗೈಯಲ್ಲಿಟ್ಟು ಎರಡು ಸಾರಿ ಮೇಲೆ ಕೆಳಗೆ ಮಾಡಿದರು.

"ಏನ್ಲಾ ಇದು, ಬೆಂಕಿಪೊಟ್ಣ. ಸಾಮಾನು ಅಂದ್ರೆ ಎತ್ತಿದ್ರೆ ಸೊಂಟ ಹಿಡ್ಕೋಬೇಕು ಕಣ್ಲಾ. ವಾಪಸ್ ಕಳ್ಸು."

ವಾಪಸ್ ಕಳಿಸಲಿಲ್ಲ, ಜೇಬಿನಲ್ಲಿಟ್ಟುಕೊಂಡೆ. ಅದೇ ತಿಂಗಳು ಅವರು ಒಂದು ಚರ್ಚಿಗೆ ಇಪ್ಪತ್ತನಾಲ್ಕು ಮೈಕು ಹಿಡಿಸುವ ಹಳೆಯ ಮಿಕ್ಸರ್ ಮಾರಿದರು. ಆ ಚರ್ಚಿನಲ್ಲಿ ಇದ್ದದ್ದು ಎರಡು ಮೈಕು. ನಾಲ್ಕು ಜನ ಹೊತ್ತು ಒಳಗೆ ತಂದಾಗ ಅಲ್ಲಿಯ ಹಿರಿಯರು ಅಷ್ಟು ಗುಂಡಿಗಳನ್ನು ನೋಡಿ ಕೈಮುಗಿದರು. ಉಳಿದ ಇಪ್ಪತ್ತೆರಡು ಗುಂಡಿ ಯಾತಕ್ಕೆ ಎಂದು ಕೇಳಿದವರಿಗೆ ರಾಮಚಂದ್ರಪ್ಪನವರು, "ಸಭೆ ಬೆಳೀಬೇಕಲ್ಲ ಸ್ವಾಮಿ" ಎಂದರು. ಅವರಿಗೆ ಅದು ಆಶೀರ್ವಾದದ ಹಾಗೆ ಕೇಳಿಸಿತು.

ಕೊರೊನಾ ಬಂದು ಚರ್ಚುಗಳ ಬಾಗಿಲು ಮುಚ್ಚಿದ ಮೇಲೆ ಎಲ್ಲರಿಗೂ ಲೈವ್ ಬೇಕಾಯಿತು. ಬಾಗಿಲು ತೆರೆದ ಮೇಲೂ ಲೈವ್ ನಿಲ್ಲಲಿಲ್ಲ, ಬೆಂಗಳೂರಿಗೆ ಕೆಲಸಕ್ಕೆ ಹೋದವರು, ಮಂಡಿನೋವಿನವರು, ಸುಮ್ಮನೆ ಸೋಮಾರಿಗಳು ಎಲ್ಲರೂ ಅದಕ್ಕೆ ಒಗ್ಗಿಬಿಟ್ಟಿದ್ದರು. ಹಿಂದೂಪುರದ ಒಂದು ಚರ್ಚಿನಲ್ಲಿ ನಾನು ಮೊದಲ ಲೈವ್ ಮಾಡಿದ ದಿನ, ಒಳ್ಳೆಯ ಕ್ಯಾಮೆರಾ, ಒಳ್ಳೆಯ ಲ್ಯಾಪ್‌ಟಾಪು, ಎಲ್ಲ ಇತ್ತು. ಶಬ್ದಕ್ಕೆ ಮಾತ್ರ ಕ್ಯಾಮೆರಾದೊಳಗಿನ ಮೈಕೇ ಸಾಕು ಎಂದುಕೊಂಡಿದ್ದೆ. ಹತ್ತು ನಿಮಿಷಕ್ಕೆ ಬಾಗೇಪಲ್ಲಿಯಿಂದ ಒಬ್ಬರು ಫೋನ್ ಮಾಡಿದರು.

"ಗಂಗಣ್ಣ, ಅಯ್ಯೋರು ಇವತ್ತು ಹೆಲಿಕಾಪ್ಟರ್‌ನಾಗೆ ಕೂತ್ಕೊಂಡು ಪ್ರಸಂಗ ಮಾಡ್ತಾ ಅವ್ರಾ?"

ತಲೆಯೆತ್ತಿ ನೋಡಿದರೆ ಕ್ಯಾಮೆರಾದ ಮೇಲೇ ಫ್ಯಾನು. ಎದ್ದು ಹೋಗಿ ಅದನ್ನು ಆರಿಸಿದೆ. ಪಕ್ಕದ್ದೂ ಕೇಳಿಸುತ್ತಿತ್ತು, ಅದನ್ನೂ ಆರಿಸಿದೆ. ಹಾಗೇ ಹನ್ನೆರಡೂ ಆರಿದವು. ಏಪ್ರಿಲ್ ತಿಂಗಳ ಹಿಂದೂಪುರದ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಒಂದೂಕಾಲು ಗಂಟೆ ಮಾತಾಡುವ ಪಾಸ್ಟರಯ್ಯ ಹದಿನೈದನೇ ನಿಮಿಷಕ್ಕೆ ಆಶೀರ್ವಾದ ಹೇಳಿ ಹೊರಗೆ ಬಂದು ಬಾವಿಕಟ್ಟೆಯ ಮೇಲೆ ಕೂತರು. ಮುಂದಿನ ಭಾನುವಾರ ನಾನು ಗೇಟಿನೊಳಗೆ ಕಾಲಿಡುತ್ತಿದ್ದ ಹಾಗೆ ಮೂರು ಜನ ಹೆಂಗಸರು ಬಂದು, ಇವತ್ತೂ ಫ್ಯಾನ್ ಆರಿಸ್ತೀರಾ ಅಣ್ಣ ಎಂದು ಆಸೆಯಿಂದ ಕೇಳಿದರು. ನಾನು ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ತಂದಿದ್ದೆ, ಫ್ಯಾನು ಆರಿಸಬೇಕಿರಲಿಲ್ಲ. ಅವರ ಮುಖ ಸಣ್ಣದಾಯಿತು.

ಅದೇ ಚರ್ಚಿನವರು ಆಮೇಲೆ ತಾನಾಗಿಯೇ ತಿರುಗುವ ಕ್ಯಾಮೆರಾ ಬೇಕೆಂದರು. ಅಲ್ಲಾಡುವ ಮನುಷ್ಯನನ್ನು ಅದು ಹಿಂಬಾಲಿಸುತ್ತದೆ, ನಿಂತು ತಿರುಗಿಸುವವರು ಬೇಕಿಲ್ಲ ಎಂದು ನಾನೇ ಹೊಗಳಿ ಕೊಡಿಸಿದ್ದು. ಪಾಸ್ಟರಯ್ಯ ಮರದ ಪೀಠದ ಹಿಂದೆ ನಿಂತರೆ ಒಂದಿಂಚು ಅಲ್ಲಾಡದ ಮನುಷ್ಯ ಎನ್ನುವುದು ನನ್ನ ತಲೆಗೆ ಹೋಗಲಿಲ್ಲ. ಆ ಭಾನುವಾರ ಚರ್ಚಿನಲ್ಲಿ ಅಲ್ಲಾಡುತ್ತಿದ್ದದ್ದು ಒಬ್ಬ ತಾಯಿ, ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಗೋಡೆಯುದ್ದಕ್ಕೂ ಓಡಾಡುತ್ತಿದ್ದಳು. ಕ್ಯಾಮೆರಾ ಅವಳನ್ನು ಹಿಡಿದುಕೊಂಡಿತು. ಪ್ರಸಂಗ ಮುಗಿಯುವವರೆಗೆ ಬಿಡಲಿಲ್ಲ. ಲೈವಿನ ಕೆಳಗೆ ಜನ ಬರೆದದ್ದರಲ್ಲಿ ಆಮೆನ್ ಒಂದೂ ಇರಲಿಲ್ಲ. ಪಾಪು ಯಾರ್ದು, ಎಷ್ಟು ತಿಂಗಳು, ಹಲ್ಲು ಬತ್ತಾ ಇರ್ಬೇಕು ಜೀರಿಗೆ ನೀರು ಕುಡಿಸ್ರಿ, ಇವೇ ತುಂಬಿದ್ದವು. ಪಾಸ್ಟರಯ್ಯ ಮರುವಾರದಿಂದ ಮೊದಲ ಹಾಡಿಗೇ ಕೈ ಬೀಸಲು ಶುರುಮಾಡಿದರು. ಸಾಮಾನು ಆರಿಸುವ ಮೊದಲು ಮನುಷ್ಯರನ್ನು ನೋಡಿ ಎಂದು ನಾನು ಹೇಳುವುದು ಇದಕ್ಕೇ.

ನಾಚಿಕೆಯಾಗುವ ಒಂದನ್ನೂ ಬರೆದುಬಿಡುತ್ತೇನೆ. ನಮ್ಮ ಅಂಗಡಿಯಲ್ಲಿ ಮದುವೆಗೂ ಚರ್ಚಿಗೂ ಒಂದೇ ಲ್ಯಾಪ್‌ಟಾಪು. ಶನಿವಾರ ಒಂದು ರಿಸೆಪ್ಷನ್ ಮಾಡಿ, ಭಾನುವಾರ ರೈಲ್ವೆಯಿಂದ ರಿಟೈರಾಗಿ ತೀರಿಕೊಂಡಿದ್ದ ಒಬ್ಬ ಹಿರಿಯರ ಅಂತ್ಯಕ್ರಿಯೆಯ ಪ್ರಾರ್ಥನೆಗೆ ಹೋದೆ. ದೂರದೂರಿನ ಬಂಧುಗಳಿಗಾಗಿ ಲೈವ್. ಹಿಂದಿನ ದಿನದ ಸೆಟ್ಟಿಂಗ್ ತೆಗೆದಿರಲಿಲ್ಲ. ಶವಪೆಟ್ಟಿಗೆಯ ಮುಂದೆ ಅವರ ಹೆಂಡತಿ ಬಂದು ನಿಂತ ಕೂಡಲೇ ನಾನು ಒತ್ತಿದ ಬಟನ್ನಿಗೆ ಪರದೆಯ ನಾಲ್ಕೂ ಮೂಲೆಯಿಂದ ಗುಲಾಬಿ ದಳಗಳು ಸುರಿಯತೊಡಗಿದವು. ಎರಡು ಬಿಳಿ ಪಾರಿವಾಳ ಹಾರಿ ಬಂದು ಮಧ್ಯದಲ್ಲಿ ಹೃದಯ ಬರೆದವು. ನಿಲ್ಲಿಸಲು ಹೋಗಿ ಇನ್ನೊಂದು ಒತ್ತಿದೆ, ಪಟಾಕಿ ಹಾರಿತು. ಇನ್ನು ಈ ಊರಿನಲ್ಲಿ ನನ್ನ ಅನ್ನ ಮುಗಿಯಿತು ಎಂದುಕೊಂಡು ಎರಡು ದಿನ ಬಿಟ್ಟು ಆ ಅಮ್ಮನ ಮನೆಗೆ ಕ್ಷಮೆ ಕೇಳಲು ಹೋದೆ.

"ಯಾಕಪ್ಪ ಬೇಜಾರು ಮಾಡ್ಕೊಂತೀಯ," ಎಂದರು ಅವರು. "ನಮ್ ಮದ್ವೇಗೆ ಇವೆಲ್ಲ ಎಲ್ಲಿತ್ತು. ನಮ್ ಯಜಮಾನ್ರಿಗೆ ಹೂವು ಅಂದ್ರೆ ಪ್ರಾಣ. ಅದೊಂದು ಕಾಪಿ ಹಾಕ್ಕೊಡು."

ಪಾರಿವಾಳ ಸಮೇತ ಹಾಕಿಕೊಟ್ಟೆ.

ಇನ್ನು ಕಲ್ಯಾಣದುರ್ಗದ ವಿಷಯ. ಇದನ್ನು ಬರೆಯಬೇಕೆಂದೇ ನಾನು ಪೆನ್ನು ಹಿಡಿದದ್ದು.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಬಸ್ಸಿನಲ್ಲಿ ಮೂರು ಗಂಟೆ, ಬಸ್ಸು ಕೆಡದಿದ್ದರೆ. ಅಲ್ಲಿಯ ಒಂದು ಸಣ್ಣ ಚರ್ಚಿನ ಪಾಸ್ಟರಯ್ಯ ನನಗೆ ಮೈಕ್ ಸೆಟ್ಟಿನ ಕಾಲದಿಂದ ಪರಿಚಯ. ಒಂದು ಬೆಳಿಗ್ಗೆ ಅವರ ಫೋನು, ಅರ್ಧ ತೆಲುಗು ಅರ್ಧ ಕನ್ನಡ. "ಗಂಗಣ್ಣಾ, ಮನ ದೀನಮ್ಮ ಪೋಯಿನ ನೆಲ ಪಡಿಪೋಯಿಂದಯ್ಯಾ. ಸೊಂಟದ ಮೂಳೆ ಮುರಿದೋಗೈತೆ. ನುವ್ವು ಕೊಂಚೆಂ ರಾವಾಲಿ." ಹೋದ ತಿಂಗಳು ಬಿದ್ದಿದ್ದಾರೆ, ನೀನು ಸ್ವಲ್ಪ ಬರಬೇಕು ಎಂದು. ಸೊಂಟ ಮುರಿದರೆ ಡಾಕ್ಟರನ್ನು ಕರೆಯಬೇಕು, ಮೈಕಿನವನನ್ನು ಯಾಕೆ ಕರೆಯುತ್ತಾರೆ ಎಂದು ಬೇರೆಯವರು ಕೇಳಬಹುದು. ನಾನು ಕೇಳಲಿಲ್ಲ, ಬಸ್ಸು ಹತ್ತಿದೆ.

ಯಾಕೆಂದರೆ ಆ ಚರ್ಚಿನಲ್ಲಿ ಹಾಡು ಎಂದರೆ ದೀನಮ್ಮನವರು. ಅಲ್ಲಿ ಬಲಗಡೆ ಚಾಪೆಗಳ ಮೇಲೆ ಹೆಂಗಸರು, ಎಡಗಡೆ ಗಂಡಸರು ಕೂರುತ್ತಾರೆ. ಹಳಬರಲ್ಲಿ ಅರ್ಧಕ್ಕರ್ಧ ಜನಕ್ಕೆ ಓದು ಬಾರದು, ಹಾಗಾಗಿ ಪುಸ್ತಕ ಹಿಡಿಯುವ ರೂಢಿಯೇ ಇಲ್ಲ. ದೀನಮ್ಮನವರು ಒಂದು ಸಾಲು ಎತ್ತಿಕೊಡುತ್ತಾರೆ, ಸಭೆಯೆಲ್ಲ ಆ ಸಾಲನ್ನು ತಿರುಗಿ ಹೇಳುತ್ತದೆ. ಅದು ಮುಗಿದ ಮೇಲೆ ಅವರು ಮುಂದಿನ ಸಾಲು ಎತ್ತುತ್ತಾರೆ. ನಲವತ್ತು ವರ್ಷದಿಂದ ಹೀಗೇ ನಡೆದಿತ್ತು. ವಯಸ್ಸು ಎಂಬತ್ತರ ಹತ್ತಿರ, ಆಳು ಐದಡಿ ಇಲ್ಲ, ದನಿ ಮಾತ್ರ ಬಸ್‌ಸ್ಟ್ಯಾಂಡಿನವರೆಗೆ ಹೋಗುತ್ತಿತ್ತು. ಒಂದು ಸಾರಿ ಅವರಿಗೆ ಮೈಕು ಕೊಟ್ಟು ಸ್ಪೀಕರ್ ಹರಿದುಹೋದ ಮೇಲೆ ನಾನು ಮತ್ತೆ ಕೊಟ್ಟವನಲ್ಲ.

ಅವರ ಮನೆ ಚರ್ಚಿನ ಹಿಂದೆ ಎರಡು ಸಂದಿ ದಾಟಿದರೆ. ಹೋಗಿ ನೋಡಿದೆ. ಗೋಡೆಯ ಕಡೆ ಮುಖ ಮಾಡಿ ಮಂಚದ ಮೇಲೆ ಮಲಗಿದ್ದರು. ಸೊಸೆ ಮಾರ್ತಮ್ಮ, ಚಿಲಮತ್ತೂರು ಕಡೆಯ ಹೆಣ್ಣುಮಗಳು, ನನ್ನನ್ನು ಅಂಗಳಕ್ಕೆ ಕರೆದುಕೊಂಡು ಬಂದಳು.

"ನೋವಿಗಲ್ಲ ಕಣಣ್ಣ," ಎಂದಳು. "ಮೂಳೆ ಕೂಡ್ತಾ ಐತಂತೆ. ಎರಡು ತುತ್ತು ಉಂಡು ತಟ್ಟೆ ತಳ್ಳಿಬುಡ್ತಾರೆ. ನಂದಿನ್ನೇನೈತೆ ಕೆಲ್ಸ ಅಂತಾರೆ. ಚರ್ಚಿನ ಗಂಟೆ ಹೊಡೆದ್ರೆ ಕಿವಿ ಮುಚ್ಕೊಂತಾರೆ. ಹೆಂಗಾದ್ರೂ ಮಾಡಿ ಒಂದು ಸಾರಿ ಹಾಡ್ಸಿ ಅಣ್ಣ. ಹಾಡಿದ್ರೆ ಉಳ್ಕೊಂತಾರೆ."

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಸಾಮಾನು ಆರಿಸಲು ಇಂಥ ಕಾರಣ ಯಾರೂ ಕೊಟ್ಟಿರಲಿಲ್ಲ.

ಕಮಿಟಿ ಸೇರಿತು. ಕಮಿಟಿ ಎಂದರೆ ಪಾಸ್ಟರಯ್ಯ ಮತ್ತು ಡ್ಯಾನಿಯಲ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾಗಿದ್ದ ಅವರು ದೀನಮ್ಮ ಇಲ್ಲದ ಕಾಲಕ್ಕೆಂದು ಆಗಲೇ ಒಂದು ಕೀಬೋರ್ಡ್ ತರಿಸಿದ್ದರು. ಬಟನ್ ಒತ್ತಿದರೆ ಅದು ತಾನೇ ತಾಳ ಹೊಡೆಯುತ್ತಿತ್ತು, ಆದರೆ ನಿಲ್ಲಿಸುವ ಬಟನ್ ಯಾವುದೆಂದು ಮೇಷ್ಟ್ರಿಗೆ ತಿಳಿಯದೆ ಪ್ರಾರ್ಥನೆಗೂ ತಾಳ ಬೀಳುತ್ತಿತ್ತು. ಇದರ ಮೇಲೆ ಅವರಿಗೆ ಪ್ರೊಜೆಕ್ಟರು, ಸ್ಲೈಡುಗಳು ಬೇಕು. ಸ್ಲೈಡುಗಳನ್ನು ತಾವೇ ಮಾಡಿದರು. ಒಂದೇ ಸ್ಲೈಡಿನಲ್ಲಿ ಇಡೀ ಹಾಡು, ತೆಲುಗಿನಲ್ಲೂ ಕನ್ನಡದಲ್ಲೂ, ಹಿಂದೆ ಒಂದು ಹಸಿರು ಕಾಡು, ಅಕ್ಷರಗಳೂ ಹಸಿರು.

"ಯಾರಿಗೂ ಕಾಣಲ್ಲ ಮೇಷ್ಟ್ರೇ," ಎಂದೆ.

"ಕಾಣ್ದಿದ್ರೆ ಮುಂದೆ ಬಂದು ಕೂತ್ಕೊಳ್ಳಲಿ," ಎಂದರು. ಎಷ್ಟೆಂದರೂ ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತವರು.

ಕೊನೆಗೆ ನಾನು ಆರಿಸಿದ್ದು ಇಷ್ಟು. ಒಂದು ಕ್ಯಾಮೆರಾ, ನನ್ನ ಜೇಬಿನ ಬೆಂಕಿಪೊಟ್ಟಣ, ಒಂದು ಲ್ಯಾಪ್‌ಟಾಪು, ಕರೆಂಟು ಹೋದರೆ ತಡೆಯಲು ಒಂದು ಯುಪಿಎಸ್, ಸಣ್ಣ ಮಿಕ್ಸರು, ಮೇಷ್ಟ್ರ ಪ್ರೊಜೆಕ್ಟರು. ದೀನಮ್ಮನವರ ಮಂಚದ ಎದುರಿಗೆ ಟೀವಿಯಲ್ಲಿ ಲೈವ್ ಹಾಕಿಸಿದೆ. ಮೊದಲ ಭಾನುವಾರ ಅವರು ಗೋಡೆಯ ಕಡೆಯಿಂದ ಈ ಕಡೆಗೆ ತಿರುಗಿದರಂತೆ. ಅರ್ಧ ಹಾಡು ಕೇಳಿ, "ಇವರು ಹಾಡ್ತಾ ಇಲ್ಲ, ಅಳ್ತಾ ಅವ್ರೆ" ಎಂದರಂತೆ. ತಿರುಗಿದರಲ್ಲ ಎಂದು ನಮಗೆಲ್ಲ ಹುರುಪು ಬಂತು. ಹಾಗಾದರೆ ಮನೆಯಿಂದಲೇ ಅವರು ಎತ್ತಿಕೊಡಲಿ, ಸಭೆ ಇಲ್ಲಿಂದ ತಿರುಗಿ ಹೇಳಲಿ ಎಂದು ಪಾಸ್ಟರಯ್ಯ ಅಂದರು. ಮಾರ್ತಮ್ಮ ಕಾಲು ಹಿಡಿದು ಒಪ್ಪಿಸಿದಳು.

ಈಗ ನಾನು ಮಾಡಿದ ತಪ್ಪನ್ನು ಗಮನವಿಟ್ಟು ಓದಿ, ನಿಮಗೂ ಬರಲಿದೆ. ಅವರಿಗೆ ಕೇಳಿಸಲು ಟೀವಿ ಇದೆಯಲ್ಲ, ಹಾಡಲು ಒಂದು ಫೋನು ಸಾಕು ಎಂದುಕೊಂಡೆ. ಮಾರ್ತಮ್ಮನ ಫೋನಿನಿಂದ ಚರ್ಚಿಗೆ ಕಾಲ್ ಮಾಡಿಸಿ, ಆ ದನಿಯನ್ನು ಮಿಕ್ಸರಿಗೆ ಕೊಟ್ಟು ದೊಡ್ಡ ಸ್ಪೀಕರಿನಲ್ಲಿ ಬಿಟ್ಟೆ. ಫೋನಿನ ದನಿ ಆಗಿಂದಾಗಲೇ ಚರ್ಚಿಗೆ ಬರುತ್ತದೆ. ಆದರೆ ಲೈವ್ ಎಂದು ನಾವು ಕರೆಯುವುದು ಚರ್ಚಿನಿಂದ ಹೊರಟು, ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲೋ ಸುತ್ತಿ, ಎರಡು ಸಂದಿ ಆಚೆಯ ಟೀವಿಗೆ ಬರುವ ಹೊತ್ತಿಗೆ ಅರ್ಧ ನಿಮಿಷ ಹಳಸಿರುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಬೆಳಿಗ್ಗೆ ನೆನಪಾಗಲಿಲ್ಲ.

ದೀನಮ್ಮನವರು ಮೊದಲ ಸಾಲು ಎತ್ತಿದರು. ಚರ್ಚಿನ ಸ್ಪೀಕರಿನಿಂದ ಅವರ ದನಿ ಬಂದದ್ದೇ ತಡ ಸಭೆ ಮೈದುಂಬಿ ತಿರುಗಿ ಹೇಳಿತು. ಅಲ್ಲಿ ಮನೆಯ ಟೀವಿಯಲ್ಲಿ ಜನ ಇನ್ನೂ ಸುಮ್ಮನೆ ಕೂತಿದ್ದರು. ಯಾರೂ ಹೇಳಲಿಲ್ಲವಲ್ಲ ಎಂದು ಅವರು ಅದೇ ಸಾಲನ್ನು ಮತ್ತೆ ಎತ್ತಿದರು. ಸಭೆ ಮತ್ತೆ ಹೇಳಿತು. ಅಷ್ಟರಲ್ಲಿ ಟೀವಿಗೆ ಮೊದಲ ಸಾಲು ಬಂತು. ಅತ್ತೆಗೆ ಚೆನ್ನಾಗಿ ಕೇಳಲಿ ಎಂದು ಮಾರ್ತಮ್ಮ ಟೀವಿಯ ಸೌಂಡನ್ನು ಪೂರ್ತಿ ಏರಿಸಿದ್ದಳು. ಟೀವಿಯೊಳಗಿನ ದೀನಮ್ಮನ ದನಿ ಫೋನಿಗೆ ಹೋಯಿತು, ಫೋನಿನಿಂದ ಚರ್ಚಿನ ಸ್ಪೀಕರಿಗೆ ಬಂತು. ಸ್ಪೀಕರಿನ ಡಬ್ಬದಿಂದಲೇ ಆಗಲಿ, ದೀನಮ್ಮ ಎತ್ತಿದರೆ ತಿರುಗಿ ಹೇಳುವುದು ಸಭೆಯ ನಲವತ್ತು ವರ್ಷದ ರೂಢಿ. ಹೇಳಿತು. ಅದು ಅರ್ಧ ನಿಮಿಷ ಬಿಟ್ಟು ಮತ್ತೆ ಡಬ್ಬದಿಂದ ಬಂತು. ಮತ್ತೆ ಹೇಳಿತು. ಡೋಲಕ್ ಹೊಡೆಯುವವರು ಒಂದೇ ಸಮನೆ ಹೊಡೆಯುತ್ತಿದ್ದರು.

ಆ ಒಂದೇ ಸಾಲು ಹನ್ನೊಂದು ಸಾರಿ ನಡೆಯಿತು. ಏಳನೇ ಸಾರಿಗೆ ಹಿಂದಿನ ಸಾಲಿನವರು ಕಣ್ಣೀರು ಹಾಕಿಕೊಂಡು ಕೈ ಮೇಲೆತ್ತಿದ್ದರು. "ಆತ್ಮ ನಡಿಪಿಸ್ತಾ ಉಂದಿ, ಆಪವದ್ದು" ಎಂದು ಪಾಸ್ಟರಯ್ಯ ನನಗೆ ಸನ್ನೆ ಮಾಡಿದರು, ಆತ್ಮ ನಡೆಸುತ್ತಿದೆ, ನಿಲ್ಲಿಸಬೇಡ ಎಂದು. ಆತ್ಮವಲ್ಲ, ನನ್ನ ವೈರಿಂಗು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೇಷ್ಟ್ರು ಮಾತ್ರ ಪ್ರತಿ ಸಾರಿಯೂ ಸ್ಲೈಡನ್ನು ಮುಂದಕ್ಕೆ ಹಾಕುತ್ತಾ ಹೋಗಿ, ಕ್ರಿಸ್ಮಸ್ ಹಾಡುಗಳನ್ನು ದಾಟಿ, ಕೊನೆಗೆ ಅವರ ಮೊಮ್ಮಗಳ ನಾಮಕರಣದ ಫೋಟೋಗಳಿಗೆ ಬಂದು ತಲುಪಿದ್ದರು. ಹನ್ನೆರಡನೇ ಸಾರಿಗೆ ಡಬ್ಬದಿಂದ ಹಾಡು ಬರಲಿಲ್ಲ. "ಹೇಳಿದ್ದನ್ನೇ ಎಷ್ಟು ಸಾರಿ ಹೇಳ್ತೀರ, ನಿಮ್ ಬಾಯಿಗೆ ಮಣ್ಣ್ ಹಾಕ" ಎಂದು ದೀನಮ್ಮನವರ ಬೈಗುಳ ಬಂತು. ಸಭೆ ಅದನ್ನೂ ತಿರುಗಿ ಹೇಳಲು ಬಾಯಿ ತೆರೆಯಿತು, ನಾನು ಸ್ವಿಚ್ ಆರಿಸಿದೆ.

ಇಡೀ ಚರ್ಚು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಾಸ್ಟರಯ್ಯನೂ ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ದೀನಮ್ಮನವರು ಅರ್ಧ ನಿಮಿಷ ಬಿಟ್ಟು ಆ ನಗುವನ್ನು ಟೀವಿಯಲ್ಲಿ ನೋಡಿದರು.

ಮಧ್ಯಾಹ್ನ ಹೋದಾಗ ಅವರು ಮತ್ತೆ ಗೋಡೆಯ ಕಡೆಗೆ ತಿರುಗಿ ಮಲಗಿದ್ದರು. ಟೀವಿಗೆ ಒಂದು ಸೀರೆ ಹೊದಿಸಿತ್ತು.

"ಅವ್ವಾ, ತಪ್ಪು ನಂದು. ನಿಮ್ದಲ್ಲ."

"ನನ್ನ ಬುಟ್ಬುಡಪ್ಪ," ಎಂದರು, ತಿರುಗದೆ. "ನಲವತ್ತು ವರ್ಸ ಹಾಡ್ದೆ. ಯಾರೂ ನಕ್ಕಿರ್ಲಿಲ್ಲ."

ನನಗೆ ಅಳು ಬಂತು. ಬಸ್ಸಿನಲ್ಲಿ ಹಿಂದೂಪುರ ಮುಟ್ಟುವವರೆಗೂ ಆ ಮಾತೇ ಕಿವಿಯಲ್ಲಿತ್ತು. ಆ ವಾರ ಮಾರ್ತಮ್ಮ ಎರಡು ಸಾರಿ ಫೋನ್ ಮಾಡಿದಳು. ಅತ್ತೆ ಈಗ ಗಂಜಿಯನ್ನೂ ಬೇಡ ಅನ್ನುತ್ತಿದ್ದರು. ನಾನು ಅಂಗಡಿಯಲ್ಲಿ ಕೂತು ಯಾವ ಹೊಸ ಯಂತ್ರ ತಂದರೆ ಈ ಅರ್ಧ ನಿಮಿಷ ಕಡಿಮೆಯಾಗುತ್ತದೆ ಎಂದು ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಿದ್ದೆ. ರಾಮಚಂದ್ರಪ್ಪನವರು ಎರಡು ದಿನ ನೋಡಿ, ಮೂರನೇ ದಿನ ವಿಷಯ ಏನೆಂದು ಕೇಳಿದರು. ಎಲ್ಲ ಹೇಳಿದೆ.

"ಎಷ್ಟು ದೂರ ಆ ಮನೆ?"

"ಎರಡು ಸಂದಿ."

"ಎರಡು ಸಂದೀಗೆ ಇಂಟರ್ನೆಟ್ಟಾ? ಥೂ. ಹಿಂದ್ಗಡೆ ಹಳೇ ಮೈಕ್ ವೈರಿನ ರೋಲ್ ಐತೆ. ಹೊತ್ಕೊಂಡೋಗ್ಲಾ."

ಎತ್ತಿದರೆ ಸೊಂಟ ಹಿಡಿದುಕೊಳ್ಳುವಂಥ ಎರಡು ರೋಲುಗಳು. ಅಂಥದ್ದು ನನ್ನ ತಲೆಗೆ ಹೊಳೆಯಲಿಲ್ಲವಲ್ಲ, ವೈರ್ ಗಂಗಣ್ಣ ಎಂಬ ಹೆಸರು ಇಟ್ಟುಕೊಂಡು. ಬಸ್ಸಿಗೆ ಹತ್ತಿಸುವಾಗ ಕಂಡಕ್ಟರ್, "ಏಮಯ್ಯಾ ಇದಿ, ಬೋರ್‌ವೆಲ್ ಪೀಕಿ ತೆಚ್ಚಿನಾವಾ" ಎಂದ. ಬೋರ್‌ವೆಲ್ ಕಿತ್ತುಕೊಂಡು ಬಂದೆಯಾ ಎಂದು.

ಶನಿವಾರ ಬೆಳಿಗ್ಗೆಯಿಂದ ವೈರು ಎಳೆದೆ. ಒಂದು ವೈರಿನಲ್ಲಿ ಅವರ ದನಿ ಚರ್ಚಿಗೆ ಬರಬೇಕು, ಇನ್ನೊಂದರಲ್ಲಿ ಸಭೆಯ ದನಿ ಅವರ ಹೆಡ್‌ಫೋನಿಗೆ ಹೋಗಬೇಕು, ಅವರದೇ ದನಿ ಅವರಿಗೆ ವಾಪಸ್ ಹೋಗಬಾರದು. ಚರ್ಚಿನ ಕಿಟಕಿಯಿಂದ ಬೇವಿನ ಮರ, ಅಲ್ಲಿಂದ ಟೈಲರ್ ಅಂಗಡಿಯ ಸೂರು, ಅಲ್ಲಿಂದ ತಿಮ್ಮಾರೆಡ್ಡಿಯವರ ಕೊಟ್ಟಿಗೆ. ರೆಡ್ಡಿಯವರು ತಿರುಪತಿಗೆ ನಡೆದು ಹೋಗುವ ಭಕ್ತರು. ನಾನು ಅಳುಕುತ್ತಲೇ ಕೇಳಿದೆ.

"ದೀನಮ್ಮಕ್ಕಂಗಾ?" ಎಂದರು. "ಎಳ್ಕೋ. ಎಮ್ಮೆ ಕೊಂಬಿಗೆ ಸಿಗ್ದಂಗೆ ಎತ್ತರಕ್ಕೆ ಹೊಡಿ. ಆ ಯಮ್ಮ ಹಾಡ್ದಿದ್ರೆ ಭಾನ್ವಾರ ಟೈಮೇ ತಿಳೀತಾ ಇಲ್ಲ ನಮ್ಗೆ."

ಕೊನೆಯ ತೊಂದರೆ ಹಿಟ್ಟಿನ ಗಿರಣಿ. ಅದರ ಮೋಟಾರು ಓಡಿದರೆ ನನ್ನ ವೈರಿನಲ್ಲಿ ಗುಂಯ್ ಎನ್ನುತ್ತಿತ್ತು. ಗಿರಣಿಯವರು ಸ್ವಲ್ಪ ಯೋಚಿಸಿ ರಾಜಿಗೆ ಬಂದರು. "ಹಾಡು ಮುಗಿಯೋ ತಂಕ ನಿಲ್ಲಿಸ್ತೀನಿ. ಪ್ರಸಂಗ ಶುರುವಾದ್ರೆ ಒಂದು ಕೂಗು ಹಾಕು, ಆನ್ ಮಾಡ್ಕೊಂತೀನಿ." ಪಾಸ್ಟರಯ್ಯನಿಗೆ ನಾನು ಈ ಒಪ್ಪಂದದ ಎರಡನೇ ಭಾಗ ಹೇಳಲಿಲ್ಲ.

ಭಾನುವಾರ ದೀನಮ್ಮನವರನ್ನು ಹಾಡಿ ಎಂದು ನಾನು ಕೇಳಲೇ ಇಲ್ಲ. ಕೇಳಲು ಮುಖವಿರಲಿಲ್ಲ. ಮೈಕನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. ಸುಮ್ಮನೆ ಕೇಳಿಸಿಕೊಳ್ಳಲಿ ಸಾಕು ಎಂದು ಮಾರ್ತಮ್ಮ ಹೆಡ್‌ಫೋನನ್ನು ಅವರ ಕಿವಿಗೆ ಹಾಕಿದಳು. ಅವರು ಗೋಡೆ ನೋಡುತ್ತಿದ್ದರು. ನಾನು ಚರ್ಚಿಗೆ ಓಡಿ ಬಂದು ಮಿಕ್ಸರಿನ ಮುಂದೆ ಕೂತೆ.

ಅವತ್ತು ಹಾಡು ಎತ್ತಿದವರು ಡ್ಯಾನಿಯಲ್ ಮೇಷ್ಟ್ರು. ಹೇಗೆ ಎತ್ತಿದರು ಎಂದರೆ, ಮೊದಲ ಸಾಲಿಗೇ ಅವರ ದನಿ ಅಟ್ಟದ ಮೇಲೆ ಹತ್ತಿ ಕೂತಿತು. ಸಭೆ ಅಲ್ಲಿಗೆ ಹತ್ತಲಾಗದೆ ಅರ್ಧ ಜನ ಕೆಳಗೇ ಉಳಿದರು, ಅರ್ಧ ಜನ ಮಧ್ಯದಲ್ಲಿ ಜೋತು ಬಿದ್ದರು. ಕೀಬೋರ್ಡು ತನ್ನ ಪಾಡಿಗೆ ಬೇರೆ ತಾಳ ಹೊಡೆಯುತ್ತಿತ್ತು. ಎರಡನೇ ಸಾಲಿಗೆ ಮೇಷ್ಟ್ರಿಗೆ ಕೆಮ್ಮು ಬಂತು. ಮೂರನೇ ಸಾಲನ್ನು ಬೇರೆ ಹಾಡಿನಿಂದ ತಂದರು. ನಾಲ್ಕನೆಯದಕ್ಕೆ ಬಾಯಿ ತೆರೆದರು.

ಅಷ್ಟರಲ್ಲಿ ಸ್ಪೀಕರಿನಿಂದ ಒಂದು ನಿಟ್ಟುಸಿರು ಕೇಳಿಸಿತು. ಆಮೇಲೆ ಸ್ಟೂಲು ಸರಿದ ಸದ್ದು. ಆಮೇಲೆ ಆ ದನಿ. ಹಳೆಯ ದನಿಯಲ್ಲ, ತೆಳ್ಳಗಾಗಿತ್ತು, ತುದಿಯಲ್ಲಿ ನಡುಗುತ್ತಿತ್ತು. ಆದರೆ ಎಲ್ಲಿ ಹಿಡಿಯಬೇಕೋ ಅಲ್ಲೇ ಹಿಡಿದಿತ್ತು. ಮೇಷ್ಟ್ರು ಬಾಯಿ ಮುಚ್ಚಿದರು. ಸಭೆ ಆ ಸಾಲನ್ನು ತಿರುಗಿ ಹೇಳಿತು. ಹೇಳಿ ಮುಗಿಸಿದ ತಕ್ಷಣ, ಉಸಿರು ತೆಗೆದುಕೊಳ್ಳುವಷ್ಟೂ ತಡವಿಲ್ಲದೆ, ಮುಂದಿನ ಸಾಲು ಬಂತು. ಅವರಿಗೆ ಕೇಳಿಸಿತ್ತು. ಆಗಿಂದಾಗಲೇ, ಪಕ್ಕದ ಚಾಪೆಯಲ್ಲಿ ಕೂತವರ ಹಾಗೆ ಕೇಳಿಸಿತ್ತು. ಬಲಗಡೆಯ ಹೆಂಗಸರು ಅಳುತ್ತಾ ಹಾಡುತ್ತಿದ್ದರು. ನನ್ನ ಕಣ್ಣೂ ತುಂಬಿ ಮಿಕ್ಸರಿನ ಗುಂಡಿಗಳು ಕಾಣುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೇಷ್ಟ್ರು ತಾವು ಬೇಕೆಂದೇ ಹಾಗೆ ಕೆಟ್ಟದಾಗಿ ಎತ್ತಿದ್ದು ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ನಾನಂತೂ ನಂಬಿಲ್ಲ.

ಐದು ಹಾಡು ಆದವು. ಪ್ರಸಂಗ ಶುರುವಾದಾಗ ಹೊರಗೆ ಹೋಗಿ ಗಿರಣಿಗೆ ಕೂಗು ಹಾಕಿ ಬಂದೆ.

ಆರಾಧನೆ ಮುಗಿದು ಜನ ಹೋದ ಮೇಲೆ ನಮ್ಮ ಕೆಲಸದ ರೂಢಿಯಂತೆ ಸಾಮಾನು ಕಟ್ಟತೊಡಗಿದೆ. ಎಳೆದ ವೈರನ್ನು ಅವತ್ತೇ ಸುತ್ತಿ ಅಂಗಡಿಗೆ ತರಬೇಕು, ಅದು ರಾಮಚಂದ್ರಪ್ಪನವರ ಕಟ್ಟುನಿಟ್ಟು. ಕಿಟಕಿಯಿಂದ ಬಿಚ್ಚಿದೆ, ಬೇವಿನ ಮರ ಹತ್ತಿ ಬಿಚ್ಚಿದೆ, ಟೈಲರ್ ಸೂರಿನ ಮೊಳೆ ಕಿತ್ತೆ, ಕೊಟ್ಟಿಗೆಯ ಮೇಲಿನದನ್ನೂ ಎಳೆದೆ. ಎರಡೂ ರೋಲುಗಳನ್ನು ಉರುಳಿಸಿಕೊಂಡು ದೀನಮ್ಮನವರ ಮನೆಗೆ ಬಂದೆ. ಅವರು ದಿಂಬಿಗೆ ಒರಗಿ ಎದ್ದು ಕೂತಿದ್ದರು. ಮಾರ್ತಮ್ಮ ಒಳಗೆ ಏನೋ ಒಗ್ಗರಣೆ ಹಾಕುತ್ತಿದ್ದಳು. ಮೈಕು ತೆಗೆದುಕೊಳ್ಳೋಣವೆಂದು ಸ್ಟೂಲಿನ ಕಡೆ ನೋಡಿದರೆ ಅಲ್ಲಿರಲಿಲ್ಲ. ಅವರ ಮಡಿಲಲ್ಲಿತ್ತು, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಕೊಡಿ ಅವ್ವಾ, ಬಸ್ಸಿಗೆ ಹೊತ್ತಾಯ್ತು," ಎಂದೆ.

ಅವರು ನನ್ನ ಕೈಯಲ್ಲಿದ್ದ ವೈರಿನ ಸುರುಳಿ ನೋಡಿದರು, ನನ್ನ ಮುಖ ನೋಡಿದರು.

"ಬುಧವಾರ ಉಪವಾಸ ಪ್ರಾರ್ಥನೆ ಐತಲ್ಲಪ್ಪ," ಎಂದರು. "ಅದಕ್ಕೆ ಯಾರು ಎತ್ಕೊಡ್ತಾರೆ?"

ರೋಲುಗಳನ್ನು ಮತ್ತೆ ಉರುಳಿಸಿಕೊಂಡು ಹೊರಗೆ ಬಂದೆ. ತಿಮ್ಮಾರೆಡ್ಡಿಯವರ ಹತ್ತಿರ ಏಣಿ ಇಸಿದುಕೊಂಡು, ಕಿತ್ತಿದ್ದ ಮೊಳೆಗಳನ್ನು ಒಂದೊಂದಾಗಿ ಮತ್ತೆ ಸೂರಿಗೆ ಹೊಡೆಯತೊಡಗಿದೆ.